ರಾಗಿ ಹೊಲಕ್ಕೆ ಕಟ್ಟಿದ ಕೊನೇ ರೀಲು

ಹಲೋ... ಯಾರು ಮಾತಾಡೋದು? ಕ್ಯಾಸಂಬಳ್ಳಿ ಹಾಲಿನ ಡೈರಿನಾ?... ನಾನು ಊರಿಗಾಂನಿಂದ ಕೋದಂಡಪ್ಪ, ಟೆಂಟಲ್ಲಿ ಪಿಕ್ಚರ್ ಬಿಡ್ತಿದ್ದೋನು. ನಮ್ ತಮ್ಮ ಕದಿರಪ್ಪ ಹಾಲಾಕಕ್ಕೆ ಬಂದವ್ನಾ?... ವಸಿ ಕರೀರಿ.

...

ಕದಿರ, ಅಮ್ಮನ ಮನೆ ಅಟ್ಟದ ಮೇಲಿಟ್ಟಿದ್ದ ನನ್ನ ತಗಡಿನ ಡಬ್ಬ ಮುಟ್ಟಿದ್ಯಾ?... ಸುಳ್ಳು ಬೊಗಳಬೇಡ. ಹೊಲದ ಸುತ್ತ ಫಿಲಂ ಕಟ್ಟಿರೋದನ್ನ ಪಕ್ಕದ್ಮನೆ ಆದಿನಾರಾಯಣ ಬಸ್ಸಿಂದ ನೋಡ್ಕೊಂಡು ಬಂದವ್ನೆ.

...

ಗುಬ್ಬಿ ಓಡ್ಸಕ್ಕಾ?... ಊರೋರೆಲ್ಲ ಕಟ್ಕೊಳ್ಳಿ ಕಣ್ಲಾ, ಅವೆಲ್ಲ ಟೆಂಟ್ ಹಿಂದೆ ಬಿಸಾಕಿದ ತುಂಡು. ಇದು ಕೊಲೆ ಪಿಕ್ಚರ್ ಕೊನೇ ರೀಲು.

...

ಹಳೇದಾದ್ರೆ ಏನು? ಹಳೇದಕ್ಕೇ ಅಲ್ವಾ ಹಳೇ ಪಿಕ್ಚರ್ ಹುಡುಕಿ ಕೂಡಿಡೋರು ಮದ್ರಾಸಿಂದ ಬಂದಿರೋದು? ಪಿಕ್ಚರಿಗೆ ಮಾತು ಬಂದ ಹೊಸದ್ರಲ್ಲಿ ತೆಗೆದಿದ್ದು. ಮಿಕ್ಕ ರೀಲೆಲ್ಲ ಅವರತ್ರ ಐತೆ. ಕೊಲೆ ಮಾಡಿದೋನ ಮುಖ ಕಾಣೋದು ಇದೊಂದ್ರಲ್ಲೇ, ಬೇರೆಲ್ಲೂ ಸಿಕ್ಕಿಲ್ಲ... ಹಾಂ, ನಮ್ಮನೇಲೇ ಕುಂತವ್ರೆ. ಏನಂತ ಮುಖ ತೋರಿಸ್ಲಿ ನಾನು?

...

ಹಾಡಿಲ್ಲದಿದ್ರೆ ಪಿಕ್ಚರ್ ಅಲ್ವಾ? ಕತ್ಲೆ ಓಣೀಲಿ ಬೂಟಿನ ಸದ್ದು ಬಂತು ಅಂದ್ರೆ ಕಡಲೆಕಾಯಿ ತಿನ್ನೋರು ಬಾಯಾಡಿಸೋದು ಬಿಡ್ತಿದ್ರು. ಕತ್ತೆಗೇನು ಗೊತ್ತು ಕಸ್ತೂರಿ ವಾಸ್ನೆ.

...

ಏನು? ಬಿಚ್ಕೊಂಡು ತಂದಿದ್ಯಾ?... ಪೂರ್ತಿನಾ? ತುಂಡಾಗಿಲ್ಲ ಅಲ್ವಾ?... ಥೂ, ಇದನ್ನ ಮೊದ್ಲೇ ಅನ್ನೋಕೇನಾಗಿತ್ತು ನಿಂಗೆ? ಡಬ್ಬಕ್ಕಾಕ್ಕೊಂಡು ಮುಂದಿನ ಬಸ್ಸಿಗೆ ಬಾ.

...

ಮಳೇಲಿ ನೆಂದೈತಾ? ಇರ್ಲಿ, ನೆರಳಲ್ಲಿ ಹರವು... ಆಗ್ಲೇ ಒಣಗಿಸ್ತಾವ್ರಾ? ಯಾರು, ಅಮ್ಮನಾ?... ಎಲ್ಲಿ?

...

ಬಚ್ಚಲ ಒಲೆ ಮೇಲಾ?... ಉರಿ ಐತಾ?... ಕದಿರ, ಅದು ಈಗಿನ ಫಿಲಂ ಅಲ್ಲ ಕಣ್ಲಾ. ಸೀಮೆಎಣ್ಣೆಗಿಂತ ಬೇಗ ಹತ್ಕೊಳ್ಳುತ್ತೆ, ನೀರು ಉಯ್ದ್ರೂ ಆರಲ್ಲ. ನಂಗೆ ಕೆಲಸ ಕಲಿಸಿದ ಮುನಿಸ್ವಾಮಪ್ಪ ಪಿಕ್ಚರ್ ಬಿಡೋ ಕ್ಯಾಬಿನ್ನಲ್ಲಿ ಹಂಗೇ ಸುಟ್ಟೋಗಿದ್ದು.

...

ರೀಲ್ ಎತ್ತಿಡಕ್ಕೆ ಓಗಬೇಡ. ಉರಿದು ಓಗ್ಲಿ ಅದು. ಬಂದೋರು ಬರಿಗೈಲಿ ಓಗ್ಲಿ. ಅಮ್ಮನ್ನ ಆಚೆ ಕರ್ಕೊಂಡು ಬಾ. ಕೂಗಿದ್ರೆ ಕೇಳ್ಸಲ್ಲ ಅವಳಿಗೆ, ಕೈ ಹಿಡ್ಕೊಂಡೇ ಎಳಿ...

...

ನಾನು ಬೈದೆ ಅಂತ ತಪ್ಪಾಯ್ತು ಅನ್ನಕ್ಕೆ ನಿಂತಿದ್ಯೇನ್ಲಾ ಇನ್ನೂ? ಫೋನ್ ಮಡಗು, ಮನೆಗೆ ಓ...