ಭಾರದ ರೇಜರ್

ಡಾಕ್ಟರ ಕೋಣೆಯ ಮುಂದೆ ಸರದಿಗೆ ಕಾಯುತ್ತಿದ್ದ ದರ್ಜಿ ಹೆಂಗಸಿನ ಪಕ್ಕದಲ್ಲೇ ಅಪ್ಪ ಮಗಳ ಜಗಳ ಶುರುವಾಯಿತು. ಅಪ್ಪನ ಗದ್ದದ ಗಾಯಕ್ಕೆ ಕಾಗದದ ಚೂರು ಅಂಟಿತ್ತು. ತೊಡೆಯ ಮೇಲಿದ್ದ ಕೈ ತಾನಾಗಿ ನಡುಗುತ್ತಿತ್ತು.

“ನಾಳೆಯಿಂದ ಮಿಷಿನ್ನೇ ಅಪ್ಪ. ನಾನೇ ಗಡ್ಡ ತೆಗೀತೀನಿ.”

“ನಾನೇನು ಕುರಿಯೇನೆ, ಉಣ್ಣೆ ಕತ್ತರಿಸೋಕೆ?”

“ರಕ್ತ ನೋಡಿದ್ಯಾ?”

“ಅದು ನೀನು ತಂದ ಪ್ಲಾಸ್ಟಿಕ್ ರೇಜರಿನ ಕೆಲಸ. ಪುಕ್ಕದಷ್ಟು ಹಗುರ. ಕೈ ಕುಣಿದ್ರೆ ಅದೂ ಕುಣಿಯುತ್ತೆ.”

“ಹಂಗಾದ್ರೆ ನಾನು ಕೊಟ್ಟಾಗ ಯಾಕೆ ತಗೊಂಡೆ?”

“ನಮ್ಮಪ್ಪನ ಕ್ಷೌರದ ಕತ್ತಿ ಬಿಟ್ಟಿದ್ದು ನಿಮ್ಮಮ್ಮ ಹೆದರ್ತಾಳೆ ಅಂತ. ಹಿತ್ತಾಳೆ ರೇಜರ್ ಬಿಟ್ಟಿದ್ದು ನೀನು ಹಳೇದು ಅಂದೆ ಅಂತ. ಈ ಸಲ ನನಗೋಸ್ಕರ ಬದಲಾಯಿಸ್ತೀನಿ.”

ಅಪ್ಪ ಜೇಬಿನ ಕರವಸ್ತ್ರ ಬಿಚ್ಚಿ, ಬ್ಲೇಡಿಲ್ಲದ ಆ ಹಿತ್ತಾಳೆ ರೇಜರನ್ನೇ ಕೆನ್ನೆಗಿಟ್ಟು ನಿಧಾನವಾಗಿ ಎಳೆದರು. ನಡುಕ ಅರ್ಧಕ್ಕರ್ಧ ಇಳಿದಿತ್ತು. ಮಗಳು ಅದನ್ನು ಇಸಿದುಕೊಂಡು ಅಂಗೈಯಲ್ಲಿ ತೂಗಿ ನೋಡಿದಳು.

“ಎಷ್ಟು ಭಾರ ಇದೆಯಪ್ಪಾ!”

“ಭಾರ ಇದ್ರೇನೇ ಈ ಕೈ ಮಾತು ಕೇಳೋದು.”

ದರ್ಜಿ ತನ್ನ ಭಾರದ ದೊಡ್ಡ ಕತ್ತರಿಯನ್ನು ನೆನೆದು ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಅಪ್ಪನಿಗೆ ಒಳಗಿನಿಂದ ಕರೆ ಬಂತು.

“ಬ್ಲೇಡ್ ಹಾಕೋದು ಮಾತ್ರ ನಾನು,” ಎಂದಳು ಮಗಳು.

“ಹಾಕಮ್ಮ. ಕೆನ್ನೆಗಿಡೋದು ನಾನು,” ಎನ್ನುತ್ತಾ ಅಪ್ಪ, ಗಾಯದ ಗದ್ದವನ್ನು ಮೇಲೆತ್ತಿಕೊಂಡೇ ಒಳಗೆ ನಡೆದರು.