ಬಾಡಿಗೆ ಅಜ್ಜಿಯರು

…ಅಲ್ಲಮ್ಮ, ತಲೆಯಾದರೂ ಆಡಿಸು! ಬಾಯಿಗೆ ಕಪ್ಪು ಬಟ್ಟೆ ಕಟ್ಕೊಂಡಿದ್ದೀಯ, ಸರಿ. ಮೌನ ಧರಣಿ, ಅದೂ ಸರಿ. ಕುತ್ತಿಗೆಗೇನೂ ಕಟ್ಟಿಲ್ಲವಲ್ಲ? ಹೂಂ ಅಂತ ಒಂದು ಸಲ ಆಡಿಸಿದರೆ ನಿಮ್ಮ ಹೆಡ್‌ಮಿಸ್ಸು ಬೆಂಚಿನ ಮೇಲೆ ನಿಲ್ಲಿಸಿಬಿಡ್ತಾರಾ? ರಿಟೈರ್ ಆದಮೇಲೂ ಅವರಿಗೊಂದು ಕ್ಲಾಸು ಬೇಕಿತ್ತು, ನೀವು ಸಿಕ್ಕಿದಿರಿ.

ನೋಡು, ನಗ್ತಿದ್ದೀಯ. ಬಟ್ಟೆ ಅಲ್ಲಾಡ್ತು. ನಗು, ಪರವಾಗಿಲ್ಲ… ನೀನು ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತು.

ಏಳು, ಮನೆಗೆ ಹೋಗೋಣ. ಸ್ಕೂಟರು ಆಸ್ಪತ್ರೆ ಗೇಟಿನ ಮುಂದೇ ನಿಲ್ಲಿಸಿದ್ದೀನಿ. ಬೀಗ ಬಿದ್ದಮೇಲೆ ಅಲ್ಲಿ ಗಾಡಿ ನಿಲ್ಲಿಸಬೇಡಿ ಅಂತ ಬೈಯೋರೂ ಇಲ್ಲ. ಶಾಲು ತಂದಿದ್ದೀನಿ, ಹೊದ್ಕೋ. ಹೊತ್ತು ಇಳೀತಾ ಬಂದ್ರೆ ಈ ಟಾರ್ಪಾಲಿನ ಕೆಳಗೆ ಗಾಳಿ ಹೇಗೆ ಹೊಡಿಯುತ್ತೆ ನೋಡು… ಅಯ್ಯೋ, ಟೈಲರಮ್ಮನಿಗೆ ಯಾಕೆ ಹೊದಿಸ್ತೀಯ? ಅದು ನಿನ್ನ ಶಾಲು! ಹೋಗಲಿ ಬಿಡು, ಪಾಪ ನಿದ್ದೆ ಮಾಡ್ತಿದ್ದಾರೆ, ಆ ಕಾಲು ಇಟ್ಕೊಂಡು ಪ್ಲಾಸ್ಟಿಕ್ ಕುರ್ಚೀಲಿ. ಮೆಲ್ಲಗೆ ಮಾತಾಡ್ತೀನಿ. ನೀನೂ ಮೆಲ್ಲಗೆ ಏಳು.

ಅಮ್ಮ.

ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು.

ಹೂಂ, ಬೆಳಿಗ್ಗೆ. ಹೇಳಬಾರದು ಅಂತಿದ್ದೆ… ಎದ್ದೆಯಲ್ಲ, ಹಾಗೇ ಬಾ. ಚಪ್ಪಲಿ ಇಲ್ಲಿದೆ. ಎಲ್ಲಿಗೆ ಪೆಟ್ಟಾ? ಕಾಲಿಗೆ… ಕಾಲಿಗಲ್ಲ, ಸೊಂಟಕ್ಕೆ. ಸೊಂಟ ಸ್ವಲ್ಪ… ಯಾಕಮ್ಮ ಹಾಗೆ ನೋಡ್ತೀಯ? ಫೋನ್ ಯಾಕೆ ತೆಗೀತೀಯ? ಮಾಡಬೇಡ, ಮಲಗಿರ್ತಾರೆ, ಎಬ್ಬಿಸಬೇಡ… ಮಾಡಬೇಡ ಅಂದೆ!

ಸರಿ. ಬಿದ್ದಿಲ್ಲ. ಕೂತ್ಕೋ. ಟಿವಿ ನೋಡ್ಕೊಂಡು ಆರಾಮಾಗಿದ್ದಾರೆ.

ಹಾಗೆ ಮುಖ ತಿರುಗಿಸಬೇಡ. ಇನ್ನೇನು ಮಾಡಲಿ ಹೇಳು? ನೆಟ್ಟಗೆ ಕರೆದರೆ ಬರಲ್ಲ. ಮನೇಲಿ ತಂಗಿ ಇನ್ನೂ ಗೋಡೆ ಕಡೆ ಮುಖ ಮಾಡಿಯೇ ಮಲಗಿದ್ದಾಳೆ. ತಟ್ಟೆ ಇಟ್ಟರೆ ಇಟ್ಟ ಹಾಗೇ ಇರುತ್ತೆ. ಯಾರಿಗೋಸ್ಕರ ಇಲ್ಲಿ ಕೂತಿದ್ದೀಯೋ, ಹೋಗಿ ಅವಳ ಹತ್ತಿರ ಕೂತ್ಕೋಬಾರದಾ? ತಲೆ ನೇವರಿಸೋಕೆ ಅವಳಿಗೂ ಒಂದು ಕೈ ಬೇಕಲ್ವಾ?

ನಿನಗೊಬ್ಬಳಿಗೇ ಸಂಕಟ ಅಂದ್ಕೋಬೇಡ. ಆವತ್ತು ಅವಳಿಗೆ ಹೆರಿಗೆ ನೋವು ಬಂದಾಗ ಕಾರು ಓಡಿಸ್ತಿದ್ದವನು ನಾನು. ನಮ್ಮ ಆಸ್ಪತ್ರೆ ಇಲ್ಲೇ ಬೀದಿ ತುದೀಲಿ, ಬೀಗ ಹಾಕ್ಕೊಂಡು ನಿಂತಿತ್ತು. ನಾವು ಊರಾಚೆ ದೊಡ್ಡಾಸ್ಪತ್ರೆಗೆ ಹೊರಟಿದ್ವಿ. ಮೇಲ್ಸೇತುವೆ ಮೇಲೆ ಗಾಡಿಗಳು ನಿಂತೇಬಿಟ್ಟವು. ಹಾರ್ನು ಹೊಡೆದೆ, ಇಳಿದು ಓಡಿದೆ, ಒಬ್ಬೊಬ್ಬರ ಕಿಟಕಿ ಬಡಿದೆ… ನೀನು ಹಿಂದಿನ ಸೀಟಲ್ಲಿ ಅವಳ ಜೊತೆ. ಮಗು ಅಳಲೇ ಇಲ್ಲ. ಅದು ಅಳದೇ ಇದ್ದದ್ದು ನಿನಗೊಬ್ಬಳಿಗೇ ಕೇಳಿಸ್ತಾ? ನನಗೂ ಕೇಳಿಸ್ತಮ್ಮ. ಈಗಲೂ ಕೇಳಿಸುತ್ತೆ.

ಏನು? ಆ ಬ್ಯಾನರ್ ಯಾಕೆ ತೋರಿಸ್ತೀಯ? ಗೊತ್ತು. 'ದೊಡ್ಡಾಸ್ಪತ್ರೆ ಈಗ ನಿಮಗೆ ಇನ್ನೂ ಹತ್ತಿರ.' ನಾನೇ ಬರೆದದ್ದು, ಗೊತ್ತು! ಆದರೆ ಅವಳ ವಿಷಯ ಆಗೋದಕ್ಕೆ ಮೊದಲು ಬರೆದದ್ದು. ಆಸ್ಪತ್ರೆ ಮುಚ್ಚಿಸಿದ್ದು ನಮ್ಮ ವಾರ್ಡಿನ ಮೆಂಬರ್ರು, ಜಾಗಕ್ಕೆ ಕಣ್ಣು ಹಾಕಿರೋದು ಪಾರ್ಕಿಂಗ್ ಕಟ್ಟಡ ಕಟ್ಟೋರು. ನಾನು ಜಾಹೀರಾತು ಬರೆಯೋನು ಅಷ್ಟೆ. ಹಾಸಿಗೆ ಮಾರಿದೆ, ಹಲ್ಲಿನ ಡಾಕ್ಟರನ್ನ ಮಾರಿದೆ, ಈಗ ಮೆಂಬರ್ರನ್ನ ಮಾರ್ತಿದ್ದೀನಿ. ಹಾಸಿಗೆ ಚೆನ್ನಾಗಿಲ್ಲ ಅಂದ್ರೆ ವಾಪಸ್ ತಗೋತಿದ್ದರು, ಈ ಸರಕನ್ನ ಯಾರೂ ವಾಪಸ್ ತಗೊಳ್ಳಲ್ಲ… ಈ ಸಲ ನಗಲಿಲ್ಲ ನೀನು.

ಮೊದಲು ನಿನ್ನ ಸ್ಟೇಷನರಿ ಅಂಗಡಿಗೇ ಅಲ್ವಾ ನಾನು ಪೇಜ್ ಮಾಡಿಕೊಟ್ಟಿದ್ದು? 'ತಪ್ಪು ಮಾಡಿ ಮಕ್ಕಳೇ, ನಮ್ಮಲ್ಲಿ ರಬ್ಬರ್ ಇದೆ' ಅಂತ ಬರೆದಿದ್ದೆ. ಇಡೀ ಶಾಲೆ ಮಕ್ಕಳು ನಿನ್ನ ಕೌಂಟರ್ ಮುಂದೆ ಮುತ್ತಿಗೆ ಹಾಕಿದ್ವು. ನೀನು ಬಂದವರಿಗೆಲ್ಲ ಹೇಳ್ಕೊಂಡು ತಿರುಗಿದೆ, ನನ್ನ ಮಗನ ಬಾಯಲ್ಲಿ ಮಾತು ಹುಟ್ಟುತ್ತೆ ಅಂತ. ನೆನಪಿದೆಯಾ?

ಏನದು? ಟೈಲರಮ್ಮನ ಫೋನಾ? ನನಗೆ ಯಾಕೆ ತೋರಿಸ್ತೀಯ, ನೋಡಿದ್ದೀನಿ. ಊರೆಲ್ಲ ನೋಡಿದೆ. ನೀವೆಲ್ಲ ಕೂತು ಬಿಸ್ಕೆಟ್ ತಿಂತಿರೋ ಫೋಟೋ. 'ಬಾಡಿಗೆ ಅಜ್ಜಿಯರು… ದಿನಗೂಲಿಗೆ ಸಿಗುತ್ತಾರೆ, ಟೀ ಬಿಸ್ಕೆಟ್ ಬೇರೆ.' ಕೊಳಕು ಮಾತು, ಒಪ್ಪಿದೆ. ಅದು ನಾನಲ್ಲ. ಆಫೀಸಲ್ಲಿ ಹೊಸಬ ಒಬ್ಬ ಇದ್ದಾನೆ, ನಾಲಿಗೆ ಮೇಲೆ ಹಿಡಿತ ಇಲ್ಲ ಅವನಿಗೆ. ನಾನು ಬೈದೆ ಕೂಡ. ಚೆನ್ನಾಗಿ ಬೈದೆ…

ಅಮ್ಮ, ಹಾಗೆ ನೋಡಬೇಡ.

ನಾನು ಚಿಕ್ಕವನಿದ್ದಾಗಲೂ ನೀನು ಹೀಗೇ ಮಾಡ್ತಿದ್ದೆ. ಹೊಡೀತಿರಲಿಲ್ಲ, ಬೈತಿರಲಿಲ್ಲ. ಸುಮ್ಮನೆ ನೋಡ್ಕೊಂಡು ನಿಲ್ತಿದ್ದೆ, ನಾನು ಒಪ್ಕೊಳ್ಳೋವರೆಗೂ.

ಹೂಂ. ನಾನೇ. ನಾನೇ ಬರೆದೆ. ಆವತ್ತು ಫ್ಲಾಸ್ಕಲ್ಲಿ ಕಾಫಿ ತಂದುಕೊಟ್ಟೆನಲ್ಲ, ಹಿಂದೆ ತಿರುಗಿ ಹೋಗುವಾಗ ತೆಗೆದೆ. ನಿನ್ನ ಮುಖ ಮಸುಕು ಮಾಡಿದ್ದೆ ಕಣಮ್ಮ! ನಿನ್ನದೊಂದೇ ಮಾಡಿದ್ದೆ. ಆದರೆ ಆ ಸ್ವೆಟರ್… ಆ ಸ್ವೆಟರಿಗೆ ನೀನು ಹಾಕಿರೋ ಬೇರೆ ಬಣ್ಣದ ಗುಂಡಿ ಬೀದಿಗೆಲ್ಲ ಗೊತ್ತು.

ಇನ್ನೊಂದು ಹೇಳ್ತೀನಿ, ನಂಬಿದರೆ ನಂಬು. ಅಜ್ಜಿ ಅಂತ ಬರೆಯುವಾಗ ನನಗೆ ಹೊಳೀಲಿಲ್ಲ. ನಿನ್ನಾಣೆಗೂ ಹೊಳೀಲಿಲ್ಲ. ಅದು ಫೋನಿಂದ ಫೋನಿಗೆ ಓಡೋಕೆ ಶುರುವಾಯ್ತು, ಮೆಂಬರ್ರು ಬೆನ್ನು ತಟ್ಟಿದರು, ಎಲ್ಲ ಆಯ್ತು. ಮನೆಗೆ ಬಂದು ಊಟಕ್ಕೆ ಕೂತಾಗ, ತುತ್ತು ಕೈಯಲ್ಲಿರುವಾಗ ಹೊಳೀತು… ನೀನು ಅಜ್ಜಿ ಆಗಲೇ ಇಲ್ಲವಲ್ಲ ಅಂತ.

ಬೇಡ. ಅಳಬೇಡ. ಬಟ್ಟೆ ಒದ್ದೆಯಾಗುತ್ತೆ.

ಬೈಯಬೇಕಾ? ಮನೆಗೆ ಬಂದು ಬೈ. ಬಾಗಿಲು ಹಾಕ್ಕೊಂಡು ಚಪ್ಪಲೀಲಿ ಹೊಡಿ. ಆದರೆ ಈಗ ಏಳು. ಇವತ್ತೊಂದು ದಿನ. ನಾಳೆ ಬೇಕಾದ್ರೆ ನಾನೇ ತಂದು ಬಿಡ್ತೀನಿ… ನಾಳೆ, ಇಲ್ಲೇ… ಬಿಡ್ತೀನಿ ಅಂದೆನಲ್ಲ, ಏಳು!

ಹಾಂ. ಎದ್ದೆ. ನನ್ನಮ್ಮ! ಬಾ, ಹುಷಾರು, ಹಗ್ಗ ಇದೆ ಅಲ್ಲಿ. ಕುರ್ಚಿ ಯಾಕೆ ಎತ್ಕೋತೀಯ? ಬಿಡು, ಆಮೇಲೆ ಯಾರಾದರೂ… ಎಲ್ಲಿಗೆ? ಸ್ಕೂಟರ್ ಈ ಕಡೆ ಇದೆ. ಅಮ್ಮ! ನನ್ನ ಹತ್ತಿರ ಕೂರೋದೂ ಬೇಡವಾಯ್ತಾ ನಿನಗೆ? ರಸ್ತೆ ಅಂಚಿಗೆ ಹೋಗಿ ಕೂರ್ತೀಯಾ? ಅಲ್ಲಿ ಬೇಡ! ಅಲ್ಲಿ ಕೂರಬೇಡ, ಆ ಕಡೆಯಿಂದಲೇ ಅವರು ಶುರು ಮಾಡೋದು!

…ಏನಿಲ್ಲ.

ಏನಿಲ್ಲ ಅಂದೆನಲ್ಲ. ಗಾಡಿಗಳು ಬರುತ್ತವೆ, ಧೂಳು… ಅದಕ್ಕೆ ಹೇಳಿದೆ.

ಅಮ್ಮ, ಮಾತಾಡಬೇಕಾದವಳು ನೀನು, ನಾನೇ ಮಾತಾಡ್ತಾ ಇದ್ದೀನಿ. ಏನಾದರೂ ಕೇಳು. ಯಾರು ಶುರು ಮಾಡೋದು ಅಂತ ಕೇಳು, ಯಾವಾಗ ಅಂತ ಕೇಳು! ಕೇಳಿದ್ರೆ ಸುಳ್ಳಾದರೂ ಹೇಳ್ತಿದ್ದೆ…

ಪೊಲೀಸರು. ನಿಮ್ಮನ್ನೆಲ್ಲ ಎಬ್ಬಿಸೋಕೆ. ನಗರಸಭೆ ಲಾರೀನೂ ಬರುತ್ತೆ, ಕುರ್ಚಿ ಟಾರ್ಪಾಲು ತುಂಬಿಕೊಳ್ಳೋಕೆ. ಈಗ, ಇನ್ನು ಸ್ವಲ್ಪ ಹೊತ್ತಿಗೆ. ಬೆಳಕು ಹೋಗೋದರೊಳಗೆ. ಮೆಂಬರ್ರ ಕೈಕಾಲು ಹಿಡಿದೆ ನಾನು. ಇಲ್ಲಿ ನನ್ನ ತಾಯಿ ಇದ್ದಾರೆ ಸಾರ್ ಅಂದೆ. ಸರಿಯಪ್ಪ, ನಿನ್ನ ತಾಯಿನ ಮೊದಲೇ ಕರ್ಕೊಂಡು ಹೋಗಿಬಿಡು ಅಂದರು. ಅಷ್ಟು ದೊಡ್ಡ ಮನಸ್ಸು ಮಾಡಿದ್ದಾರೆ. ಆ ಮಾತು ಉಳಿಸಿಕೊಳ್ಳೋಣಮ್ಮ…

ಟೈಲರಮ್ಮನ್ನ ಯಾಕೆ ತೋರಿಸ್ತೀಯ? ಸ್ಕೂಟರಲ್ಲಿ ಎಷ್ಟು ಜನ ಹಿಡಿತಾರೆ? ಅವರು ಆ ಊರುಗೋಲು ಇಟ್ಕೊಂಡು… ಹೆಡ್‌ಮಿಸ್ಸು? ನಾನು ನಿನ್ನೊಬ್ಬಳಿಗೋಸ್ಕರ ಕೇಳಿದ್ದು. ಹೌದು, ನಿನ್ನೊಬ್ಬಳಿಗೋಸ್ಕರ! ಎಲ್ಲರ ತಾಯಂದಿರಿಗೋಸ್ಕರಾನೂ ನಾನು ಹೇಗೆ ಕೇಳಲಿ?

ಬೇಡ, ಅವರನ್ನ ಎಬ್ಬಿಸಬೇಡ. ಕೈಮುಗಿತೀನಿ. ನಾನು ಬಾಯಿಬಿಟ್ಟೆ ಅಂತ ಗೊತ್ತಾದರೆ ನನ್ನ ಕಥೆ ಮುಗೀತು… ಅಯ್ಯೋ, ಎದ್ದೇಬಿಟ್ಟರು. ಏನಿಲ್ಲಮ್ಮ, ಟೈಲರಮ್ಮ, ನೀವು ಮಲಗಿ. ನಮ್ಮಮ್ಮನಿಗೆ ಬಿಸಿಲು ಬೇಕಂತೆ… ನೀವ್ಯಾಕೆ ಕುರ್ಚಿ ಎಳ್ಕೊಂಡು ಬರ್ತೀರಿ? ನೋಡು ಅಮ್ಮ, ಅವರೂ ಬಂದು ನಿನ್ನ ಪಕ್ಕದಲ್ಲೇ ಕೂತರು. ಹೆಡ್‌ಮಿಸ್ಸೂ ಬರ್ತಿದ್ದಾರೆ. ಏನು ಅಂತ ಒಬ್ಬರೂ ಕೇಳಲ್ವಾ? ಕುರ್ಚಿ ಹಾಕ್ಕೊಂಡು ಕೂತುಬಿಡೋದಾ?

ನನಗಾ? ಆ ಖಾಲಿ ಕುರ್ಚಿ ನನಗಾ?

ತಟ್ಟಬೇಡ ಹಾಗೆ. ನನ್ನ ಕೈಲಿ ಆಗಲ್ಲ… ಕೂರೋಕೆ ಆಗಲ್ಲಮ್ಮ. ಭಯ ಅಂತಲ್ಲ. ಪೊಲೀಸರು ನನಗೆ ಏನೂ ಮಾಡಲ್ಲ. ಹೊತ್ತು ಆಯ್ತು, ನಾನು ಆ ಎದುರುಗಡೆ ಅಂಗಡಿ ಮೆಟ್ಟಿಲ ಮೇಲೆ ಇರಬೇಕು. ಆಗಲೇ ಫೋನ್ ಬರ್ತಾ ಇದೆ.

ಯಾಕೆ ಅಂತ ನೋಡ್ತೀಯಾ?

ಯಾಕೇಂದ್ರೆ… ವಿಡಿಯೋ ಮಾಡೋನು ನಾನೇ.

ರಾತ್ರಿ ಬೇಡ ಸಾರ್, ಬೆಳಕಿರುವಾಗಲೇ ಆಗಲಿ, ಚೆನ್ನಾಗಿ ಬರುತ್ತೆ ಅಂತ ಹೇಳಿದ್ದೂ ನಾನೇ. ರಾತ್ರಿ ಆದ್ರೆ ನೂಕುನುಗ್ಗಲಾಗುತ್ತೆ, ಬೆಳಕಲ್ಲಾದ್ರೆ ಅವರೂ ಸ್ವಲ್ಪ ಮೆತ್ತಗಿರ್ತಾರೆ ಅಂತ… ಹಾಗೂ ಅಂದ್ಕೊಂಡೆ, ನಿಜವಾಗ್ಲೂ. ವಿಡಿಯೋ ಮೇಲೆ ಹಾಕೋ ಮಾತೂ ಬರೆದಾಗಿದೆ. 'ತಾಯಂದಿರು ಗೌರವದಿಂದ ಮನೆಗೆ.' ಎಳೆಯೋದು ಬಂದ್ರೆ ಕತ್ತರಿಸ್ತೀನಿ. ಅದೂ ನನ್ನದೇ ಕೆಲಸ.

ಲಾರಿ ತಿರುವಿಗೆ ಬಂತು. ಅಮ್ಮ, ಬರಲ್ವಾ? ಬರಲ್ಲ. ಸರಿ… ಸರಿ. ಹಾಗಾದ್ರೆ ಇದೊಂದು ಮಾಡು. ಅವರ ಕಡೆ ಮುಖ ಮಾಡಬೇಡ, ನನ್ನ ಕಡೆಗೂ ಮಾಡಬೇಡ. ಆಸ್ಪತ್ರೆ ಗೇಟಿನ ಕಡೆ ತಿರುಗಿ ಕೂತ್ಕೋ. ಬರೀ ಬೆನ್ನು ಕಾಣ್ಲಿ. ಬೆನ್ನಾದ್ರೆ ಯಾರ ಬೆನ್ನೋ ಆಗಬಹುದು… ತಿರುಗು, ಅಮ್ಮ. ನಾನು ಮೆಟ್ಟಿಲು ಹತ್ತೋದರೊಳಗೆ ತಿರುಗು.

ತಿರುಗು ಅಂದೆ. ಆ ಕಡೆ.

ನನ್ನನ್ನೇ ಯಾಕಮ್ಮ ನೋಡ್ತಾ ಕೂತೆ…