ತೇಗದ ಬೀರು

ಮರದಂಗಡಿಯ ಸರದಿಯಲ್ಲಿ ನನ್ನ ಮುಂದೆ ವಯಸ್ಸಾದ ಬಡಗಿಯೊಬ್ಬರು ಮಗಳ ಜೊತೆ ನಿಂತಿದ್ದರು. ಅವರ ಕೈಯಲ್ಲಿ ನೀರು ಕುಡಿದು ಉಬ್ಬಿದ ಹಲಗೆಯ ಚೂರಿತ್ತು. ಮೇಲೆ ತೇಗದ ತೆಳು ಪದರ, ಒಳಗೆ ಬರೀ ಅಂಟು ಬೆರೆಸಿ ಒತ್ತಿದ ಮರದ ಹೊಟ್ಟು.

“ನಿಮ್ಮತ್ತೆ ಏನಂದ್ರು?”

“ಮದುವೇಲಿ ತೇಗದ ಬೀರು ಅಂದಿದ್ರಲ್ಲ ನಿಮ್ಮಪ್ಪ, ಅಂದ್ರು. ಅಷ್ಟೇ.”

“ಊರಿಗೆಲ್ಲಾ ತೇಗದಲ್ಲಿ ಮಾಡ್ಕೊಟ್ಟೆ. ನಿನಗೆ ಮಾತ್ರ ನನ್ನ ಕೈಲಾಗ್ಲಿಲ್ಲ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ ಮಗಳೇ.”

“ನಂಗೆ ಅವತ್ತೇ ಗೊತ್ತಾಯ್ತಪ್ಪ. ಬಾಗಿಲು ತೆಗೆದ್ರೆ ತೇಗದ ವಾಸನೇನೇ ಇರ್ಲಿಲ್ಲ.”

“ಮತ್ಯಾಕೆ ಬಾಯಿ ಬಿಡ್ಲಿಲ್ಲ?”

“ಏನಂತ ಬಿಡ್ಲಿ? ಆರು ವರ್ಷ ಆ ಕೋಣೆ ನೆಲ ಬೇರೆ ಯಾರಿಗೂ ಒರೆಸೋಕೆ ಬಿಡ್ಲಿಲ್ಲ. ಬೀರು ಬುಡಕ್ಕೆ ನೀರು ಸೋಕದ ಹಾಗೆ ನಾನೇ ಒರೆಸ್ತಿದ್ದೆ.”

“ಹಾಗಾದ್ರೆ ಇದು ಹೇಗಾಯ್ತು?”

“ಅಮ್ಮ ಹೋದಾಗ ಹತ್ತು ದಿನ ನಿನ್ನ ಹತ್ರ ಇದ್ನಲ್ಲಪ್ಪ.”

ಬಡಗಿ ಆ ಚೂರನ್ನು ಜೇಬಿಗೆ ತುರುಕಿಕೊಂಡರು. ಅವರ ಸರದಿ ಬಂತು. ಅಂಗಡಿಯವನು ತಂದಿಟ್ಟ ಹಲಗೆಯನ್ನು ಮಗಳ ಮುಂದೆ ಸರಿಸಿದರು.

“ನೀನೇ ಮೂಸಿ ನೋಡಮ್ಮ. ತೇಗಾನಾ?”

ಅವಳು ಬಗ್ಗಿ ಹಲಗೆಗೆ ಮೂಗಿಟ್ಟಳು. ಮುಂಗೈಯಿಂದ ಕಣ್ಣೊರೆಸಿಕೊಂಡಳು.

“ಮೂಗು ಕಟ್ಟಿದೆ ಅಪ್ಪ. ನೀನು ತೇಗ ಅಂದ್ರೆ ತೇಗಾನೇ.”

ಆ ತುದಿ ಅವರು, ಈ ತುದಿ ಅವಳು ಹಿಡಿದು ಹಲಗೆಯನ್ನು ಹೊರಗೆ ಒಯ್ದರು.